ಯುರೋಪಿಗೆ ಏನು ಹಾಕ್ಕೊಂಡು ಹೋಗೋದು: ಮಂಜುಗೊಂದು ಪತ್ರ

ಪ್ರಿಯ ಮಂಜು,

ಸೆಪ್ಟೆಂಬರ್ ಕೊನೆ ವಾರ ಹೊರಟು 14 ದಿನ. ಪ್ಯಾರಿಸ್, ಸ್ವಿಟ್ಜರ್ಲೆಂಡಿನ ಇಂಟರ್‌ಲಾಕೆನ್, ವೆನಿಸ್, ರೋಮ್. ನೀನು, ಅತ್ತಿಗೆ, ಜೊತೆಗೆ ಅಮ್ಮ. "ದಪ್ಪ ಕೋಟು ಕೊಂಡ್ಕೋಬೇಕಾ?" ಅಂತ ಕೇಳಿದ್ದೀಯ. ಬೇಡ. ಯಾಕೆ ಬೇಡ ಅನ್ನೋದು ತಿಳಿದ್ರೆ ಉಳಿದ ಪಟ್ಟಿ ನೀನೇ ಮಾಡ್ಕೋತೀಯ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೀತಿದ್ದೀನಿ.

ಆ ಹೊತ್ತಿಗೆ ಪ್ಯಾರಿಸ್‌ನಲ್ಲಿ ಮಧ್ಯಾಹ್ನ 18ರಿಂದ 20 ಡಿಗ್ರಿ, ಬೆಳಗ್ಗೆ 10ರಿಂದ 12. ರೋಮ್‌ನಲ್ಲಿ ಮಧ್ಯಾಹ್ನ 23–24, ಬಿಸಿಲಿಗೆ ಅರ್ಧತೋಳಿನ ಅಂಗಿ ಸಾಕು. ಅಂದ್ರೆ ಪ್ರವಾಸದ ಬಹುಪಾಲು ದಿನ ದಪ್ಪ ಕೋಟು ಕೈಮೇಲೇ ಇರುತ್ತೆ. ನಿಜವಾದ ಚಳಿ ಒಂದೇ ದಿನ, ಇಂಟರ್‌ಲಾಕೆನ್‌ನಿಂದ ರೈಲಿನಲ್ಲಿ ಯುಂಗ್‌ಫ್ರೌಯೋಖ್ ಅನ್ನೋ ಹಿಮದ ಬೆಟ್ಟಕ್ಕೆ ಹತ್ತುವ ದಿನ. ಅದರ ಲೆಕ್ಕ ಹೀಗೆ: ಪ್ರತಿ ಸಾವಿರ ಮೀಟರ್ ಮೇಲಕ್ಕೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತೆ. ಇಂಟರ್‌ಲಾಕೆನ್ ಇರೋದು 570 ಮೀಟರ್ ಎತ್ತರದಲ್ಲಿ, ಮೇಲಿನ ರೈಲು ನಿಲ್ದಾಣ 3,454 ಮೀಟರ್‌ನಲ್ಲಿ. ನಡುವಿನ ಅಂತರಕ್ಕೆ 19 ಡಿಗ್ರಿ ಆಯ್ತು. ಕೆಳಗೆ 16 ಇದ್ರೆ ಮೇಲೆ ಮೈನಸ್ 3. ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದ್ರೆ ಮುಖಕ್ಕೆ ಮೈನಸ್ 10ರ ಹಾಗೆ ತಾಗುತ್ತೆ. ಅದೇ ಸಂಜೆ ಕೆಳಗಿಳಿದು ಕೆರೆ ದಂಡೆಯಲ್ಲಿ ಸ್ವೆಟರ್ ಬಿಚ್ಚಿ ಓಡಾಡ್ತೀರ. ಒಂದೇ ದಿನದಲ್ಲಿ ಈ ಎರಡನ್ನೂ ನಿಭಾಯಿಸೋದು ದಪ್ಪ ಕೋಟಿನ ಕೈಲಿ ಆಗಲ್ಲ. ಒಂದರ ಮೇಲೊಂದು ಹಾಕಿ ಬೇಕಾದಾಗ ಬಿಚ್ಚುವ ಪದರಗಳಿಂದ ಆಗುತ್ತೆ.

ಪದರ ಮೂರು. ಮೈಗೆ ಅಂಟಿಕೊಂಡಿರೋದು ಬೆವರು ಹೀರಿ ಹೊರಗೆ ಬಿಡಬೇಕು: ಪಾಲಿಯೆಸ್ಟರ್ ಥರ್ಮಲ್ ಅಥವಾ ಮೆರಿನೋ ಉಣ್ಣೆ. ಉಣ್ಣೆ ದುಬಾರಿ, ಆದ್ರೆ ಮೂರು ದಿನ ಹಾಕಿದ್ರೂ ವಾಸನೆ ಬರಲ್ಲ. ಹತ್ತಿ ಬನಿಯನ್ ಮಾತ್ರ ಆ ದಿನ ಬೇಡ, ಬೆವರು ಹೀರಿ ಒದ್ದೆಯಾಗೇ ಉಳಿದು ಬೆನ್ನು ತಣ್ಣಗೆ ಮಾಡುತ್ತೆ. ಅದರ ಮೇಲೆ ಮೈಯ ಬೆಚ್ಚನೆ ಗಾಳಿಯನ್ನು ಒಳಗೇ ಹಿಡಿದಿಡುವ ಫ್ಲೀಸ್, ಅಂದ್ರೆ ಮೆತ್ತನೆ ಸಿಂಥೆಟಿಕ್ ಬಟ್ಟೆಯ ಸ್ವೆಟರ್ ಥರದ್ದು. ಚೀಟಿಯಲ್ಲಿ ಬಟ್ಟೆಯ ದಪ್ಪ ಹೇಳೋ ಅಂಕಿ 200 ಅಂತಿದ್ರೆ ಸರಿ, 100 ತೀರಾ ತೆಳು, 300 ಬ್ಯಾಗಿನ ಅರ್ಧ ಜಾಗ ತಿನ್ನುತ್ತೆ. ಎಲ್ಲಕ್ಕಿಂತ ಹೊರಗೆ ಗಾಳಿ, ಮಳೆ ಎರಡನ್ನೂ ತಡೆಯುವ ತೆಳು ಜರ್ಕಿನ್.

ಈ ಜರ್ಕಿನ್ ಕೊಳ್ಳೋವಾಗಲೇ ಹೆಚ್ಚು ಜನ ಎಡವೋದು. "ವಾಟರ್ ರೆಸಿಸ್ಟೆಂಟ್" ಅಂತ ಬರೆದಿರೋದು ಹತ್ತು ನಿಮಿಷದ ತುಂತುರಿಗೆ ಸಾಕು, ಆಮೇಲೆ ಹೆಗಲಿಂದಲೇ ಒಳಗಿಳಿಯುತ್ತೆ. "ವಾಟರ್‌ಪ್ರೂಫ್" ಅಂತಿರಬೇಕು, ಜೊತೆಗೆ 10,000 ಎಂಎಂ ಅನ್ನೋ ಅಂಕಿ (ಬಟ್ಟೆ ಎಷ್ಟು ನೀರಿನ ಒತ್ತಡ ತಡೆಯುತ್ತೆ ಅನ್ನೋ ಅಳತೆ) ಇದ್ರೆ ದಿನವಿಡೀ ಮಳೆಗೂ ಭಯವಿಲ್ಲ. ಅಂಗಡಿಯಲ್ಲೇ ಜರ್ಕಿನ್ ಒಳಮಗ್ಗುಲು ತಿರುಗಿಸಿ ನೋಡು. ಹೊಲಿಗೆಯ ಉದ್ದಕ್ಕೂ ತೆಳು ಪಟ್ಟಿ ಅಂಟಿಸಿರಬೇಕು. ಪಟ್ಟಿ ಇಲ್ಲದಿದ್ರೆ ಬಟ್ಟೆ ಎಷ್ಟೇ ಒಳ್ಳೇದಿರಲಿ, ಸೂಜಿ ಚುಚ್ಚಿದ ತೂತಿಂದ ನೀರು ಬರುತ್ತೆ. ಜರ್ಕಿನ್ನಿಗೆ ಹೊಲಿದಿರೋ ಟೋಪಿ ಹಾಕಿಕೊಂಡು ಕತ್ತು ಅತ್ತಿತ್ತ ತಿರುಗಿಸು, ಟೋಪಿಯೂ ಜೊತೆಗೆ ತಿರುಗಬೇಕು. ಅಲ್ಲಾಡದೆ ನಿಂತರೆ ರಸ್ತೆ ದಾಟೋವಾಗ ಪಕ್ಕದಿಂದ ಬರೋ ಸೈಕಲ್ ಕಾಣಲ್ಲ. ಇನ್ನೊಂದು, ಒಳಗೆ ಫ್ಲೀಸ್ ಹಾಕ್ಕೊಂಡೇ ಅಳತೆ ನೋಡು. ಬರೀ ಅಂಗಿ ಮೇಲೆ ಸರಿ ಹೋದದ್ದು ಬೆಟ್ಟದ ಮೇಲೆ ತೋಳು ಎತ್ತಕ್ಕೂ ಬಿಡಲ್ಲ.

ಕೊಡೆ ಬೇಕಿದ್ರೆ ಒಂದು ಸಣ್ಣದು ಇಟ್ಕೋ. ಗಾಳಿ ಜೊತೆಗೆ ಮಳೆ ಬಂದ್ರೆ ತಿರುವುಮುರುವಾಗುತ್ತೆ, ಜರ್ಕಿನ್ನೇ ಗತಿ.

ಬೆಟ್ಟದ ದಿನಕ್ಕೆ ಇನ್ನು ಉಳಿದದ್ದು ಕಿವಿ ಮುಚ್ಚುವ ಉಣ್ಣೆ ಟೋಪಿ, ಗ್ಲೌಸು, ತಂಪು ಕನ್ನಡಕ. ಕನ್ನಡಕ ಶೋಕಿಗಲ್ಲ. ಹೊಸ ಹಿಮ ನೇರಳಾತೀತ (ಯುವಿ) ಕಿರಣದ ನೂರಕ್ಕೆ 80 ಪಾಲಿನವರೆಗೂ ವಾಪಸ್ ಎಸೆಯುತ್ತೆ, ಅದನ್ನು ತಡೆಯೋಕೆ ಯುವಿ 400 ಅಂತ ಬರೆದದ್ದೇ ಬೇಕು. ಮೇಲೆ ಮಂಜುಗಡ್ಡೆ ಕೊರೆದು ಮಾಡಿದ ಐಸ್ ಪ್ಯಾಲೇಸ್ ಒಳಗೂ ಶೂನ್ಯಕ್ಕಿಂತ ಕೆಳಗೇ ಇರುತ್ತೆ, ಕಾಲಡಿಯೂ ಮಂಜುಗಡ್ಡೆಯೇ. ಅಟ್ಟೆ ಸವೆದು ನುಣುಪಾದ ಶೂ ಅಲ್ಲಿ ಜಾರುತ್ತೆ. ಅಮ್ಮನಿಗೆ ಮಾತ್ರ ಈ ಮೂರು ಪದರದ ನಡುವೆ ಒಂದು ತೆಳು ಪಫರ್ ಜಾಕೆಟ್ (ಒಳಗೆ ತುಪ್ಪುಳ ಅಥವಾ ಸಿಂಥೆಟಿಕ್ ತುಂಬಿ ಉಬ್ಬಿರೋದು) ಸೇರಿಸು, 300 ಗ್ರಾಂ ಒಳಗಿನದು ಸಿಗುತ್ತೆ, ಮಡಚಿದ್ರೆ ತೆಂಗಿನಕಾಯಿ ಗಾತ್ರ. ಒಳಗೆ ಬಾತುಕೋಳಿ ತುಪ್ಪುಳ ಇದ್ರೆ ಒದ್ದೆಯಾದಾಗ ಮುದುಡಿ ಬೆಚ್ಚಗಿಡೋ ಗುಣ ಕಳ್ಕೊಳ್ಳುತ್ತೆ. ಸಿಂಥೆಟಿಕ್ ತುಂಬಿದ್ದು ಸ್ವಲ್ಪ ಭಾರ, ಆದ್ರೆ ಒದ್ದೆಯಾದ್ರೂ ಕೆಲಸ ಮಾಡುತ್ತೆ.

ಅಮ್ಮ ಸೀರೆ ಬಿಡಲ್ಲ ಅಂದಿದ್ದೀಯ. ಬಿಡೋದೂ ಬೇಡ. ಒಳಲಂಗದ ಕೆಳಗೆ ಥರ್ಮಲ್ ಲೆಗ್ಗಿಂಗ್ಸ್, ಕುಪ್ಪಸದ ಮೇಲೆ ಮುಂದೆ ಗುಂಡಿ ಇರೋ ಉದ್ದತೋಳಿನ ಸ್ವೆಟರ್, ಕಾಲಿಗೆ ಉಣ್ಣೆ ಕಾಲುಚೀಲ, ಸ್ಪೋರ್ಟ್ಸ್ ಶೂ. ಸೀರೆಗೆ ಶೂ ಹೊಂದಲ್ಲ ಅಂತ ಅಮ್ಮ ಗೊಣಗಬಹುದು, ಚಪ್ಪಲಿಯಲ್ಲಿ ಎರಡನೇ ದಿನಕ್ಕೆ ಹಿಮ್ಮಡಿ ಒಡೆಯುತ್ತೆ ಅಂತ ಹೇಳು. ಕಾಟನ್ ಸೀರೆ ಒದ್ದೆಯಾದ್ರೆ ಒಣಗಲ್ಲ, ಇಸ್ತ್ರಿಯನ್ನೂ ಕೇಳುತ್ತೆ. ಕ್ರೇಪ್, ಜಾರ್ಜೆಟ್ ಥರದ್ದೇ ಅನುಕೂಲ. ಉಡೋವಾಗ ಅಂಚು ನೆಲದಿಂದ ನಾಲ್ಕು ಬೆರಳು ಮೇಲಿರಲಿ. ಪ್ಯಾರಿಸ್ ಮೆಟ್ರೋದ ಎಸ್ಕಲೇಟರ್ ಹಲ್ಲಿಗೆ ನೆರಿಗೆ ಸಿಕ್ಕದಿರಲಿ ಅಂತ ಒಂದು ಕಾರಣ, ಕಲ್ಲುಹಾಸಿನ ಕೆಸರು ಇನ್ನೊಂದು. ಸೆರಗನ್ನು ಹೆಗಲ ಹತ್ತಿರ, ಸೊಂಟದ ಹತ್ತಿರ ಎರಡು ಕಡೆ ಪಿನ್ ಮಾಡಿ. ಬೆಟ್ಟದ ದಿನ ಒಂದಕ್ಕೆ ಚೂಡಿದಾರ್‌ಗೆ ಒಪ್ಪಿಸು, ಆ ಗಾಳಿಗೆ ಸೀರೆ ನಿಲ್ಲಲ್ಲ.

ಶೂ ವಿಷಯ. ದಿನಕ್ಕೆ 15ರಿಂದ 20 ಸಾವಿರ ಹೆಜ್ಜೆ ಆಗುತ್ತೆ, ಅದೂ ಕಲ್ಲಿನ ಮೇಲೆ. ರೋಮ್‌ನ ಹಳೇ ಬೀದಿಗಳಿಗೆ ಹಾಸಿರೋ ಕರಿಕಲ್ಲಿನ ಗಟ್ಟಿಗಳಿಗೆ ಸಂಪಿಯೆತ್ರಿನಿ ಅಂತಾರೆ. ಮೇಲ್ಮೈ ಉಬ್ಬುತಗ್ಗು, ಮಳೆಗೆ ಜಾರುತ್ತೆ, ಎರಡು ಕಲ್ಲಿನ ನಡುವಿನ ಸಂದಿಗೆ ಚಪ್ಪಲಿಯ ತೆಳು ಹೀಲ್ ಸರಿಯಾಗಿ ಸಿಕ್ಕಿಕೊಳ್ಳುತ್ತೆ. ಅಡಿ ದಪ್ಪಗಿರೋ, ರಬ್ಬರ್ ಅಟ್ಟೆಯ ನಡಿಗೆ ಶೂ ಬೇಕು. ಸಂಜೆ ಹೊತ್ತು ಕಾಲು ಸ್ವಲ್ಪ ಊದಿದಾಗ, ಪ್ರವಾಸದಲ್ಲಿ ಹಾಕೋ ಕಾಲುಚೀಲ ಹಾಕ್ಕೊಂಡೇ ಅಳತೆ ನೋಡು. ಹೆಬ್ಬೆರಳ ಮುಂದೆ ಒಂದು ಬೆರಳಗಲ ಜಾಗ ಇರಲಿ. ಹೊರಡೋಕೆ ಮೂರು ವಾರ ಮುಂಚೆಯೇ ಕೊಂಡು ದಿನಾ ಒಂದು ಗಂಟೆ ನಡಿ. ಹೊಸ ಶೂ ಡಬ್ಬಿಯಿಂದ ತೆಗೆದು ವಿಮಾನ ನಿಲ್ದಾಣದಲ್ಲಿ ಹಾಕೋದಿದ್ಯಲ್ಲ, ಅದಕ್ಕಿಂತ ದೊಡ್ಡ ತಪ್ಪು ಈ ಪ್ರವಾಸದಲ್ಲಿ ಇನ್ನೊಂದಿಲ್ಲ. ಎರಡನೇ ಜೋಡಿಯಾಗಿ ಹಗುರ ಸ್ಯಾಂಡಲ್ ಸಾಕು, ಹೋಟೆಲಿನೊಳಗೂ ಆಗುತ್ತೆ.

ಈಗ ಎಷ್ಟು ಬಟ್ಟೆ ಅನ್ನೋದು. 14 ದಿನಕ್ಕೆ 14 ಜೊತೆ ಅಂತ ಎಣಿಸಬೇಡ, ಒಂದು ಸಲ ಒಗೆದ ಮೇಲೆ ಇನ್ನೊಂದು ಸಲ ಒಗೆಯೋವರೆಗೆ ಎಷ್ಟು ದಿನ ಅಂತ ಎಣಿಸು. ಐದು ದಿನಕ್ಕೊಮ್ಮೆ ಒಗೆದ್ರೆ ಐದು ಟೀಶರ್ಟು, ಆರು ಒಳಚಡ್ಡಿ, ಐದು ಜೊತೆ ಕಾಲುಚೀಲ (ಅದರಲ್ಲಿ ಎರಡು ಉಣ್ಣೆಯದು), ಎರಡು ಪ್ಯಾಂಟು, ಒಂದು ಉದ್ದತೋಳಿನ ಶರ್ಟು, ರಾತ್ರಿಗೊಂದು ಜೊತೆ. ಥರ್ಮಲ್, ಫ್ಲೀಸ್, ಜರ್ಕಿನ್ ಸೇರಿಸಿದ್ರೂ ತೂಕ 4ರಿಂದ 5 ಕೆಜಿ ದಾಟಲ್ಲ. ಜೀನ್ಸ್ ಇಷ್ಟ ಅಂದ್ರೆ ಒಂದೇ ಒಂದು, ಅದನ್ನೂ ವಿಮಾನದಲ್ಲಿ ಹಾಕ್ಕೊಂಡೇ ಹೋಗು. 700 ಗ್ರಾಂ ತೂಗುತ್ತೆ, ಒದ್ದೆಯಾದ್ರೆ ಎರಡು ದಿನ ಒಣಗಲ್ಲ. ತೂಕಕ್ಕೆ ಯಾಕಿಷ್ಟು ಒದ್ದಾಟ ಅಂದ್ರೆ, ವೆನಿಸ್‌ನಲ್ಲಿ ನಾನೂರಕ್ಕೂ ಮಿಕ್ಕಿ ಸೇತುವೆ, ಬಹುಪಾಲಿಗೆ ಮೆಟ್ಟಿಲು, ಸೂಟ್‌ಕೇಸಿನ ಚಕ್ರಕ್ಕೆ ಅಲ್ಲಿ ಕೆಲಸವೇ ಇಲ್ಲ.

ಒಗೆಯಕ್ಕೆ ನಾಣ್ಯ ಅಥವಾ ಕಾರ್ಡ್ ಹಾಕೋ ಮಷಿನ್ ಅಂಗಡಿಗಳಿವೆ. ಪ್ಯಾರಿಸ್‌ನಲ್ಲಿ ಲಾವ್ರಿ, ಇಂಟರ್‌ಲಾಕೆನ್ ಕಡೆ ವಾಷ್‌ಸಲೋನ್, ಇಟಲಿಯಲ್ಲಿ ಲವಾಂದೆರಿಯಾ ಅಂತ ಬೋರ್ಡು ಹುಡುಕು. ಒಗೆದು ಒಣಗಿಸಿ ಮುಗಿಸೋಕೆ ಒಂದೂವರೆ ಗಂಟೆ ಇಟ್ಕೋ. ಮಷಿನ್ನಿನಲ್ಲಿ 30 ಡಿಗ್ರಿ ಒತ್ತು. 60ರಲ್ಲಿ ಹಾಕಿದ್ರೆ ಉಣ್ಣೆ ಕಾಲುಚೀಲ ಮಗುವಿಗಾಗೋ ಅಳತೆಗೆ ಬರುತ್ತೆ. ಥರ್ಮಲ್, ಫ್ಲೀಸನ್ನು ಬಿಸಿ ಡ್ರೈಯರ್‌ಗೂ ಹಾಕಬೇಡ.

ರೂಮಿನ ಬೇಸಿನ್ನಿನಲ್ಲೇ ಒಗೆಯೋದಾದ್ರೆ ಒಣಗಿಸೋದೇ ಕಷ್ಟ. ಅಲ್ಲಿನ ಹೋಟೆಲ್ ರೂಮುಗಳಲ್ಲಿ ಸೀಲಿಂಗ್ ಫ್ಯಾನ್ ಸಾಮಾನ್ಯವಾಗಿ ಇರಲ್ಲ, ಕಿಟಕಿ ಮುಚ್ಚಿರುತ್ತೆ, ಗಾಳಿ ಆಡಲ್ಲ. ಹೀಟರ್ ಮೇಲೆ ಒಣಗಿಸೋಣ ಅಂದ್ರೆ, ಇಟಲಿಯಲ್ಲಿ ಕಟ್ಟಡದ ಹೀಟಿಂಗ್ ಯಾವಾಗ ಶುರುವಾಗಬೇಕು ಅಂತ ಕಾನೂನೇ ಇದೆ: ವೆನಿಸ್‌ಗೆ ಅಕ್ಟೋಬರ್ 15, ರೋಮ್‌ಗೆ ನವೆಂಬರ್ 1. ನೀವು ಹೋಗೋ ಹೊತ್ತಿಗೆ ಅದು ತಣ್ಣಗೆ ಕೂತಿರುತ್ತೆ. ಹಾಗಾಗಿ ಟವೆಲ್ ಉಪಾಯ ಮಾಡು. ಜಾಲಿಸಿದ ಬಟ್ಟೆಯನ್ನು ಮೆಲ್ಲಗೆ ಹಿಂಡು, ಹೋಟೆಲಿನ ಒಣ ಟವೆಲ್ ಮಂಚದ ಪಕ್ಕ ನೆಲಕ್ಕೆ ಹಾಸು, ಅದರ ಮೇಲೆ ಬಟ್ಟೆ ಬಿಡಿಸಿಡು, ಎರಡನ್ನೂ ಸೇರಿಸಿ ಚಾಪೆ ಸುತ್ತಿದ ಹಾಗೆ ಬಿಗಿಯಾಗಿ ಸುತ್ತು, ಆಮೇಲೆ ಅದರ ಮೇಲೆ ಹತ್ತಿ ನಿಂತು ಈ ತುದಿಯಿಂದ ಆ ತುದಿಗೆ ತುಳಿ. ಟವೆಲ್ ಒದ್ದೆ, ಬಟ್ಟೆ ಬರೀ ತೇವ. ಹ್ಯಾಂಗರಿಗೆ ಹಾಕಿ ಬಾತ್‌ರೂಮಿನ ಹೊರಗೆ ತೂಗುಹಾಕಿದ್ರೆ ಪಾಲಿಯೆಸ್ಟರ್ ಟೀಶರ್ಟು ಬೆಳಗ್ಗೆಗೆ ಒಣಗಿರುತ್ತೆ. ಹತ್ತಿಯದ್ದು ಒಣಗಲ್ಲ, ಅದಕ್ಕೇ ಐದರಲ್ಲಿ ಮೂರಾದರೂ ಪಾಲಿಯೆಸ್ಟರ್ ಇರಲಿ. ಬೇಸಿನ್ನಿನ ತೂತಿನ ಮುಚ್ಚಳ ಎಷ್ಟೋ ಕಡೆ ನಿಲ್ಲಲ್ಲ, ಚಪ್ಪಟೆ ರಬ್ಬರ್ ಮುಚ್ಚಳ ಒಂದು ಬ್ಯಾಗಿನಲ್ಲಿರಲಿ.

ಚರ್ಚ್‌ಗಳ ನಿಯಮ ಮರೀಬೇಡ. ವ್ಯಾಟಿಕನ್‌ನ ಸೇಂಟ್ ಪೀಟರ್ಸ್, ಸಿಸ್ಟೈನ್ ಚಾಪೆಲ್, ವೆನಿಸ್‌ನ ಸೇಂಟ್ ಮಾರ್ಕ್ಸ್, ಮೂರೂ ಕಡೆ ಹೆಗಲು, ಮೊಣಕಾಲು ಮುಚ್ಚಿರಲೇಬೇಕು, ಗಂಡಸರಿಗೂ. ಮಂಡಿ ಕಾಣೋ ಚಡ್ಡಿಯಲ್ಲಿ ಉದ್ದ ಸಾಲು ನಿಂತು ಬಾಗಿಲಿಗೆ ಬಂದಾಗ ವಾಪಸ್ ಕಳಿಸ್ತಾರೆ. ಅತ್ತಿಗೆ ತೋಳಿಲ್ಲದ ಕುರ್ತಾ ಹಾಕೋದಾದ್ರೆ ವೇಲು ಅಥವಾ ತೆಳು ಶಾಲು ಕೈಚೀಲದಲ್ಲಿ ಸದಾ ಇರಲಿ. ಅದೇ ಶಾಲು ರೈಲಿನ ಎಸಿಗೂ ಆಯ್ತು, ಸಂಜೆ ಗಾಳಿಗೂ ಆಯ್ತು.

ವೆನಿಸ್‌ನಲ್ಲಿ ಶರತ್ಕಾಲಕ್ಕೆ ಸಮುದ್ರ ಉಬ್ಬಿ ಸೇಂಟ್ ಮಾರ್ಕ್ಸ್ ಚೌಕಕ್ಕೆ ನೀರು ನುಗ್ಗೋದುಂಟು. 2020ರಿಂದ ಮೋಸೆ ಅನ್ನೋ ತಡೆಬಾಗಿಲುಗಳು ದೊಡ್ಡ ಉಬ್ಬರ ತಡೀತಿವೆ, ಸಣ್ಣ ಉಬ್ಬರಕ್ಕೆ ಎತ್ತಲ್ಲ. ನೀರು ಬಂದ್ರೆ ಶೂ ಮೇಲೆ ಎಳ್ಕೊಳ್ಳೋ ಪ್ಲಾಸ್ಟಿಕ್ ಬೂಟು ಅಲ್ಲೇ ಬೀದಿಯಲ್ಲಿ ಮಾರ್ತಾರೆ, ಇಲ್ಲಿಂದ ಹೊರಬೇಡ.

ಜೇಬಿನ ಮಾತು. ಪಾಸ್‌ಪೋರ್ಟು, ಯೂರೋ ನೋಟು ಪ್ಯಾಂಟಿನ ಹಿಂದಿನ ಜೇಬಿನಲ್ಲಿ ಇಡೋದು ಬೇಡ. ಜರ್ಕಿನ್ನಿನ ಒಳಜೇಬಿಗೆ ಜಿಪ್ಪು ಇರಬೇಕು. ಪ್ಯಾರಿಸ್ ಮೆಟ್ರೋ, ರೋಮ್‌ನ 64ನೇ ನಂಬರ್ ಬಸ್ಸು ಜೇಬುಗಳ್ಳರಿಗೆ ಹೆಸರಾದದ್ದು. ಜರ್ಕಿನ್ ಬಿಚ್ಚಿ ಕುರ್ಚಿ ಬೆನ್ನಿಗೆ ಹಾಕೋ ಮುಂಚೆ ಒಳಜೇಬು ಖಾಲಿ ಮಾಡು. ಇದನ್ನ ಎಲ್ಲರೂ ಮರೀತಾರೆ.

ಇನ್ನು ಕೊನೇದು, ಮೂವರದ್ದೂ ಒಂದೊಂದು ಪೂರ್ತಿ ಜೊತೆ ಬಟ್ಟೆ, ಅಮ್ಮನ ಪಫರ್ ಜಾಕೆಟ್ ಸಮೇತ, ವಿಮಾನದೊಳಗೆ ಒಯ್ಯೋ ಬ್ಯಾಗಿನಲ್ಲಿರಲಿ. ಚೆಕ್-ಇನ್ ಮಾಡಿದ ಬ್ಯಾಗು ಬರದಿದ್ರೆ ನಿಲ್ದಾಣದಿಂದ ಹೊರಗೆ ಬರೋ ಮುಂಚೆಯೇ ಬ್ಯಾಗೇಜ್ ಕೌಂಟರಿನಲ್ಲಿ ಪಿಐಆರ್ (ಬ್ಯಾಗು ಬಂದಿಲ್ಲ ಅನ್ನೋ ದೂರಿನ ಫಾರ್ಮು) ಬರೆಸ್ಕೋ, ಆಮೇಲೆ ಕೊಂಡ ಅಗತ್ಯ ಬಟ್ಟೆಯ ರಸೀತಿಗಳನ್ನೆಲ್ಲ ಇಟ್ಕೋ, ವಿಮಾನ ಸಂಸ್ಥೆಯಿಂದ ಹಣ ಕೇಳೋಕೆ ಅವೇ ಆಧಾರ. ಶೂ ಕೊಂಡ ಮೇಲೆ ಒಂದು ಫೋಟೋ ಕಳಿಸು, ಅಟ್ಟೆ ಕಾಣೋ ಹಾಗೆ.

ನಿನ್ನ ಗೆಳೆಯ