ಸಹಿ ಹಾಕುವ ಮುಂಚೆ

ಪುಟ್ಟಾ,

ಅಲ್ಲಿನ ಸಣ್ಣ ಫುಟ್‌ಬಾಲ್ ಕ್ಲಬ್ಬೊಂದರಲ್ಲಿ ನಿನಗೆ ಮ್ಯಾನೇಜರ್ ಕೆಲಸ ಸಿಗುವ ಹಾಗಿದೆ ಅಂತ ನಿಮ್ಮಮ್ಮ ಹೇಳಿದರು. ಖುಷಿಯಾಯಿತು. ಆದರೆ "ಟೀಮ್ ಪೂರ್ತಿ ನನ್ನ ಕೈಗೇ ಬಿಡ್ತೀವಿ ಅಂದಿದ್ದಾರೆ ಚಿಕ್ಕಪ್ಪ" ಅಂತ ಬರೆದಿದ್ದೀಯಲ್ಲ, ಅದೇ ಯಾಕೋ ಸರಿ ಬರುತ್ತಿಲ್ಲ. ಬಾಯಲ್ಲಿ ಅಂದದ್ದಾ, ಕಾಗದದಲ್ಲಿ ಬರೆದದ್ದಾ?

2008ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್ ಕ್ಲಬ್ಬಿನಲ್ಲಿ ಆದದ್ದು ನೋಡು. ಕೆವಿನ್ ಕೀಗನ್ ಅಂದರೆ ಆ ಊರಿನವರಿಗೆ ಪ್ರಾಣ. ಮಾಲೀಕ ಮೈಕ್ ಆಶ್ಲಿ ಜನವರಿಯಲ್ಲಿ ಅವನನ್ನು ಮ್ಯಾನೇಜರ್ ಮಾಡಿದ, ಆಮೇಲೆ ಡೆನಿಸ್ ವೈಸ್ ಅನ್ನುವ ಹಳೇ ಆಟಗಾರನನ್ನು ಡೈರೆಕ್ಟರ್ ಅಂತ ತಂದು ಕೂರಿಸಿದ. ಆಟಗಾರರನ್ನು ತರುವ ವಿಷಯದಲ್ಲಿ ಕೊನೆ ಮಾತು ಕೀಗನ್‌ದೇ ಅಂತ ಕ್ಲಬ್ಬಿನವರು ಪೇಪರಿನವರ ಮುಂದೆ ಹೇಳಿಕೊಂಡೂ ಬಂದರು. ಬೇಸಿಗೆ ಮುಗಿಯುವಾಗ ಉರುಗ್ವೆಯ ಇಗ್ನಾಸಿಯೋ ಗೊನ್ಸಾಲೆಸ್ ಅನ್ನುವವನನ್ನು ಲೋನ್ ಮೇಲೆ, ಅಂದರೆ ಇನ್ನೊಂದು ಕ್ಲಬ್ಬಿನಿಂದ ಸ್ವಲ್ಪ ಕಾಲಕ್ಕೆ ಎರವಲಾಗಿ, ತರುವ ಮಾತು ಬಂತು. ಕೀಗನ್ ಅವನ ಹೆಸರೇ ಕೇಳಿರಲಿಲ್ಲ. ಯೂಟ್ಯೂಬ್‌ನಲ್ಲಿ ನೋಡಿಕೋ ಅಂದರು! ನೋಡಿ ಬೇಡ ಅಂದ, ಆದರೂ ತಂದರು, ಯಾಕೆ ಗೊತ್ತಾ, ದಕ್ಷಿಣ ಅಮೆರಿಕದ ಇಬ್ಬರು ಏಜೆಂಟರನ್ನು ಚೆನ್ನಾಗಿಟ್ಟುಕೊಳ್ಳುವುದಕ್ಕೆ. ಸೆಪ್ಟೆಂಬರಿನಲ್ಲಿ ಕೀಗನ್ ರಾಜೀನಾಮೆ ಕೊಟ್ಟ.

ವಿಷಯ ಟ್ರಿಬ್ಯೂನಲ್‌ಗೆ, ಅಂದರೆ ಇಂಥ ಜಗಳ ತೀರ್ಮಾನಿಸುವ ಮಂಡಳಿಗೆ, ಹೋಯಿತು. ಅಲ್ಲಿ ಕ್ಲಬ್ ಏನಂದಿತು ಕೇಳು: ಕೊನೆ ಮಾತು ಅವನದು ಅಂತ ಹೇಳಿದ್ದೆಲ್ಲ ಸುಮ್ನೆ ಪ್ರಚಾರಕ್ಕೆ! 2009ರಲ್ಲಿ ಕೀಗನ್ ಗೆದ್ದ, 20 ಲಕ್ಷ ಪೌಂಡ್ ಪರಿಹಾರವೂ ಸಿಕ್ಕಿತು. ಆದರೆ ಕೆಲಸ ಹೋಗಿತ್ತು. ಅಷ್ಟು ದೊಡ್ಡ ಹೆಸರಿದ್ದವನೇ ಒಂದು ವರ್ಷ ಕೇಸು ನಡೆಸಬೇಕಾಯಿತು, ನಿನಗೆ ಲಾಯರ್ ಫೀಸಿಗೆ ಎಲ್ಲಿಂದ ತರೋದು?

ನೀನು ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ವರ್ಷಗಟ್ಟಲೆ ಮ್ಯಾನೇಜರ್ ಆಗಿದ್ದ ಫರ್ಗುಸನ್ ಹೆಸರು ಹೇಳುತ್ತೀಯ, ಗೊತ್ತು. 1989ರಲ್ಲಿ ಮ್ಯಾಂಚೆಸ್ಟರ್ ಸಿಟಿ ಎದುರು 5-1 ಸೋತಾಗ ಅವನನ್ನು ಮನೆಗೆ ಕಳಿಸಿ ಅಂತ ಜನ ಕೂಗುತ್ತಿದ್ದರು. ಡೈರೆಕ್ಟರುಗಳು ತಡೆದುಕೊಂಡರು, ಮುಂದಿನ ಮೇ ತಿಂಗಳಲ್ಲಿ ಎಫ್‌ಎ ಕಪ್ ಅನ್ನುವ ಅಲ್ಲಿನ ದೊಡ್ಡ ಕಪ್ ಬಂತು. ಅಷ್ಟೆಲ್ಲ ಗೆದ್ದ ಮೇಲೂ 2005ರಲ್ಲಿ ಗ್ಲೇಜರ್ ಕುಟುಂಬ ಕ್ಲಬ್ ಕೊಳ್ಳುವಾಗ ಅವನ ಒಪ್ಪಿಗೆ ಏನೂ ಬೇಕಿರಲಿಲ್ಲ, ಅಲ್ವಾ? ಲೆಸ್ಟರ್ ಕ್ಲಬ್ಬಿನ ಮ್ಯಾನೇಜರ್ ರನಿಯೇರಿ ಅಂತೂ 2016ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಲೀಗ್ ಗೆದ್ದು, 2017ರ ಫೆಬ್ರವರಿಗೆ ಕೆಲಸ ಕಳೆದುಕೊಂಡು ಮನೆಗೆ ಹೋದ.

ಅದಕ್ಕೇ ಹೇಳೋದು, ಕರಾರಿನಲ್ಲಿ ಮೂರು ವಿಷಯ ಬರೆಸಿಕೋ. ಆಟಗಾರನನ್ನು ತರುವುದಕ್ಕೂ ಮಾರುವುದಕ್ಕೂ ಕೊನೆ ಮಾತು ಯಾರದು, ನಿನ್ನ ಮೇಲೆ ಇನ್ನೊಬ್ಬ ಡೈರೆಕ್ಟರನ್ನು ತಂದು ಕೂರಿಸಿದರೆ ಏನು, ಮಧ್ಯದಲ್ಲಿ ತೆಗೆದರೆ ಎಷ್ಟು ಕೊಡುತ್ತಾರೆ. ಕೇಳಿದರೆ ಚೇರ್ಮನ್ ಮುಖ ಗಂಟು ಹಾಕಿಕೊಳ್ಳಬಹುದು. ಹಾಕಿಕೊಳ್ಳಲಿ ಬಿಡು. ಸೋಮವಾರದೊಳಗೆ ಕರಾರಿನ ಒಂದು ಪ್ರತಿ ನನಗೂ ಕಳಿಸು, ಓದಿ ಹೇಳುತ್ತೇನೆ.

ನಿನ್ನ ಚಿಕ್ಕಪ್ಪ