ಕ್ಯಾಡ್ ರೂಮಿಗೆ ಹೊರಟ ಗೆಳೆಯನಿಗೆ

ಪ್ರೀತಿಯ ಗೆಳೆಯ,

ಸ್ಕೆಚ್ ಬುಕ್ ಎತ್ತಿಟ್ಟು ಪೀಣ್ಯದ ಗಾರ್ಮೆಂಟ್ ಎಕ್ಸ್‌ಪೋರ್ಟ್ ಕಂಪನಿಯ ಕ್ಯಾಡ್ ರೂಮ್, ಅಂದ್ರೆ ಕಂಪ್ಯೂಟರಲ್ಲಿ ಪ್ಯಾಟರ್ನ್ (ಬಟ್ಟೆ ಕತ್ತರಿಸೋ ಅಚ್ಚು) ಮಾಡೋ ಜಾಗ, ಸೇರ್ತೀಯಂತೆ. ಕೇಳಿ ತುಂಬಾ ಖುಷಿಯಾಯ್ತು ಕಣೋ. ಇನ್ಮೇಲೆ "ಬೋಟ್ ನೆಕ್ ದೊರೆ" ಅಂತ ಕರೆಯೋ ಹಾಗಿಲ್ಲ.

ಪ್ಯಾಟರ್ನ್ ಸಾಫ್ಟ್‌ವೇರಲ್ಲಿ ಗರ್ಬರ್ ಕಲೀಲಾ, ಲೆಕ್ಟ್ರಾ ಕಲೀಲಾ ಅಂತ ನೀನು ಕೇಳಿದ್ದೆ. ಯಾವುದಾದ್ರೂ ಸರಿ, 2021ರಿಂದ ಎರಡೂ ಒಂದೇ ಕಂಪನಿಯವು. ಒಂದು ಬಂದ್ರೆ ಇನ್ನೊಂದೂ ಕೈಗೆ ಹತ್ತುತ್ತೆ. ಫೈಲನ್ನ ಡಿಎಕ್ಸ್‌ಎಫ್ (ಎರಡೂ ಓದೋ ಫೈಲ್ ರೂಪ) ಮಾಡಿ ಒಂದರಿಂದ ಇನ್ನೊಂದಕ್ಕೆ ಒಯ್ದಾಗ ಮಾತ್ರ ನಾಚು (ತುಂಡು ಜೋಡಿಸೋ ಗುರುತು), ಗ್ರೇನ್ ಲೈನ್ (ನೂಲಿನ ದಿಕ್ಕು ತೋರಿಸೋ ಗೆರೆ) ಜಾಗದಲ್ಲೇ ಇವೆಯಾ ನೋಡ್ಕೋ. ನಿಜವಾಗಿ ಕಲೀಬೇಕಾದ್ದು ಬಟ್ಟೇನ.

ಮೊದಲು ಕುಗ್ಗೋ ಲೆಕ್ಕ. ಬಟ್ಟೆ ಮೇಲೆ 50 ಸೆಂ.ಮೀ. ಚೌಕ ಗುರುತು ಹಾಕಿ, ಆರ್ಡರಿನಲ್ಲಿ ಹೇಳಿದ ವಾಷ್ ಕೊಟ್ಟು, ಒಣಗಿದ ಮೇಲೆ ಅಳತೆ ತಗೋ. ಉದ್ದ 47 ಬಂತು ಅಂದ್ರೆ 6% ಕುಗ್ಗಿದೆ. ಹೊಲಿದ ಮೇಲೆ ವಾಷ್ ಆಗೋ ಟೀ-ಶರ್ಟಿನ ಉದ್ದ 72 ಸೆಂ.ಮೀ. ಬೇಕಿದ್ರೆ, ಹೊಸಬರು 72ಕ್ಕೆ 6% ಕೂಡಿಸಿ 76.3 ಇಡ್ತಾರೆ. ವಾಷಿಂದ ಹೊರಗೆ ಬರೋದು 71.7. ಕೂಡಿಸಬೇಡ, 72ನ್ನ 0.94ರಿಂದ ಭಾಗಿಸು, 76.6 ಬರುತ್ತೆ. ಅಗಲಕ್ಕೆ ಬೇರೆ ಲೆಕ್ಕ. ರೋಲಿಂದ ರೋಲಿಗೆ ಕುಗ್ಗೋದು ಬೇರೆ ಬೇರೆ ಆದ್ರೆ ರೋಲುಗಳನ್ನ ಗುಂಪು ಮಾಡಿ, ಗುಂಪಿಗೊಂದು ಪ್ಯಾಟರ್ನ್ ಮಾಡು. ನಿಟ್ (ಹೆಣೆದ, ಹಿಗ್ಗೋ) ಬಟ್ಟೆಯ ರೋಲನ್ನ ಬಿಚ್ಚಿ ಒಂದು ದಿನ ಸುಮ್ಮನೆ ಬಿಡದೆ ಕಟಿಂಗ್ ಟೇಬಲ್ಲಿಗೆ ಹಾಕಿದ್ರೆ ಈ ಲೆಕ್ಕವೆಲ್ಲ ನೀರಲ್ಲಿ ಹೋಮ.

ಕ್ಲೋ ಥ್ರೀಡಿ ಸಾಫ್ಟ್‌ವೇರಲ್ಲಿ ಸ್ಕ್ರೀನ್ ಮೇಲಿನ ಬೊಂಬೆಗೆ ಶರ್ಟ್ ತೊಡಿಸಿದಾಗ ಚೆಂದ ಕಾಣುತ್ತೆ. ಬಟ್ಟೆಯ ತೂಕ, ಬಾಗೋ ಗುಣ, ಹಿಗ್ಗೋ ಗುಣ ಅಳೆದು ತುಂಬಿಸಿದ್ರೆ ಮಾತ್ರ ಆ ನೆರಿಗೆ ನಂಬು.

ಗ್ರೇಡಿಂಗ್, ಅಂದ್ರೆ ಒಂದು ಸೈಜಿನ ಪ್ಯಾಟರ್ನಿಂದ ಬೇರೆ ಸೈಜು ಮಾಡೋ ವಿಷಯ, ಸ್ವಲ್ಪ ನಿಧಾನವಾಗಿ ಓದು. ಶರ್ಟಿನ ಎಂ ಸೈಜಲ್ಲಿ ಆರ್ಮ್‌ಹೋಲ್ (ತೋಳು ಕೂರೋ ತೂತು) 48, ತೋಳಿನ ತಲೆ (ತೋಳಿನ ಮೇಲಂಚು) 49 ಅಂತಿಟ್ಕೋ. ಒಂದು ಸೆಂ.ಮೀ. ಹೆಚ್ಚು, ಹೊಲಿಗೇಲಿ ಕೂತ್ಕೊಳ್ಳುತ್ತೆ. ಆರ್ಮ್‌ಹೋಲಿಗೆ ಒಂದು ರೂಲು (ಸೈಜಿಗೆ ಎಷ್ಟು ಏರಿಸ್ಬೇಕು ಅನ್ನೋ ಲೆಕ್ಕ), ತೋಳಿಗೆ ಇನ್ನೊಂದು ರೂಲು ಕೊಟ್ಟು ಸೈಜ್ ಏರಿಸ್ತಾ ಹೋದ್ರೆ, ಡಬಲ್ ಎಕ್ಸ್‌ಎಲ್ ಹೊತ್ತಿಗೆ ಆ ಒಂದು ಸೆಂ.ಮೀ. ಎರಡೂವರೆ ಆಗಿಬಿಡಬಹುದು. ಎಂ ಸ್ಯಾಂಪಲ್ ಅಪ್ರೂವ್ ಆಗಿರುತ್ತಲ್ಲ, ಯಾರೂ ನೋಡಿರಲ್ಲ. ಅದಕ್ಕೇ ಪ್ರತಿ ಸೈಜಲ್ಲೂ ತೋಳನ್ನ ಆರ್ಮ್‌ಹೋಲ್ ಗುಂಟ ನಡೆಸಿ ನೋಡು. ನಾಚಿಂದ ನಾಚಿಗೆ, ಮುಂಭಾಗ ಬೇರೆ, ಹಿಂಭಾಗ ಬೇರೆ. ಸ್ಕ್ರೀನಲ್ಲಿ ಕೆಲವೇ ನಿಮಿಷದ ಕೆಲಸ.

ಆ ನಿಮಿಷ ಉಳಿಸಿದ್ರೆ ಅದನ್ನ ತೀರಿಸೋದು ಹೊಲಿಗೆ ಲೈನಲ್ಲಿ ತೋಳು ಕೂರಿಸೋ ಟೈಲರ್. ಎರಡೂವರೆ ಸೆಂಟಿಮೀಟರನ್ನ ನೆರಿಗೆ ಬೀಳದ ಹಾಗೆ ನುಂಗಿಸೋಕೆ ಯಾರ ಕೈಲೂ ಆಗಲ್ಲ. ಚೆಕಿಂಗ್‌ನವರು ಪೀಸ್ ವಾಪಸ್ ಕಳಿಸ್ತಾರೆ, ಆಕೆ ಬಿಚ್ಚಿ ಮತ್ತೆ ಹೊಲೀತಾಳೆ. ಗಂಟೆಯ ಟಾರ್ಗೆಟ್ ಅಷ್ಟೇ ಇರುತ್ತೆ. ಸೂಪರ್‌ವೈಸರ್ ಕೂಗೋದು ಆಕೆ ಮೇಲೆ. ಫೈಲ್ ಮಾಡಿದವರ ಹೆಸರು ಆಕೆಗೆ ಗೊತ್ತೇ ಇರಲ್ಲ, ಫೈಲ್ ಮಾಡಿದವರಿಗೂ ಆಕೆ ಗೊತ್ತಿಲ್ಲ.

ಇತ್ತೀಚೆಗೆ ಇದು ನನ್ನನ್ನ ಬಿಡ್ತಾ ಇಲ್ಲ ಕಣೋ. ಬೆಳಿಗ್ಗೆ ಕಂಪನಿ ಗೇಟಲ್ಲಿ ಟಿಫನ್ ಡಬ್ಬಿ ಹಿಡ್ಕೊಂಡು ಇಳಿಯೋ ಹೆಂಗಸರ ಮುಖ ನೋಡೋಕೆ ಸಂಕೋಚ ಆಗುತ್ತೆ. ನಮ್ಮಿಬ್ಬರ ಸಂಬಳಕ್ಕೂ ಅವರ ಸಂಬಳಕ್ಕೂ ಇರೋ ಅಂತರ ನೆನೆದ್ರೆ, ಆ ಕೆಲವು ನಿಮಿಷ ಅವರಿಗೆ ನಾವು ಕೊಡಲೇಬೇಕಾದ ಸಾಲ ಅನ್ಸುತ್ತೆ. ಇದನ್ನ ಬೇರೆ ಯಾರ ಹತ್ರಾನೂ ಹೇಳಿಲ್ಲ.

ಸರಿ, ಸಾಕು. ಊರೆಲ್ಲ ಓದೋ ಕಾಗದದಲ್ಲಿ ಇಷ್ಟು ಬರೆದದ್ದೇ ಜಾಸ್ತಿ ಆಯ್ತು. ಸೇರಿದ ವಾರಾನೇ ಲೈನಿಗೆ ಇಳಿದು ತೋಳು ಕೂರಿಸೋರ ಪಕ್ಕ ನಿಂತು ನೋಡು, ಅವರ ಹೆಸರು ಕೇಳ್ಕೋ. ಆಮೇಲೆ ಫೋನ್ ಮಾಡು. ನನ್ನ ಫ್ರೆಂಚ್ ಕರ್ವ್ ಇನ್ನೂ ನಿನ್ನ ಹತ್ರಾನೇ ಇದೆ, ನೆನಪಿದ್ಯಾ?

ನಿನ್ನ ಗೆಳೆಯ