ಟಾರ್ಚ್ ಹಿಡಿದು ಕೂತ ಸರ್‌ಗೆ ಥ್ಯಾಂಕ್ಸ್

ಹೋದ ಭಾನುವಾರ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್‌ನಲ್ಲಿ ನನ್ನ ಹಳೇ ಬಿಎಂಡಬ್ಲ್ಯು 325ಐ ಪಕ್ಕ ಟಾರ್ಚ್ ಹಿಡಿದು ಕೂತಿರಲ್ಲ ಸರ್, ಹೆಸರು ಕೇಳುವಷ್ಟರಲ್ಲಿ ಹೊರಟೇಬಿಟ್ಟಿರಿ. ಯಾರ ಮನೆಗೋ ನೆಂಟರಾಗಿ ಬಂದವರು, ಇಸ್ತ್ರಿ ಪ್ಯಾಂಟಿಗೆ ಮಸಿ ಮಾಡಿಕೊಂಡು ಹೋದಿರಿ. ತುಂಬಾ ಥ್ಯಾಂಕ್ಸ್.

ಬಿಎಂಡಬ್ಲ್ಯು 3 ಸೀರೀಸ್‌ನಲ್ಲಿ ಇ90 ಅನ್ನುವ ತಲೆಮಾರಿನ ಕಾರು, ಎನ್52 ಅನ್ನುವ ಎಂಜಿನ್. ಎಂಜಿನ್ ತಂಪಾಗಿಡುವ ಕೂಲಂಟ್ ನೀರನ್ನು ಓಡಿಸುವ ಇದರ ವಾಟರ್ ಪಂಪ್‌ಗೆ ಬೆಲ್ಟ್ ಇಲ್ಲ, ಕರೆಂಟಿನಲ್ಲಿ ಓಡುತ್ತದೆ. ವಯಸ್ಸಾಯ್ತು ಅಂತ ಥರ್ಮೋಸ್ಟಾಟ್ (ಬಿಸಿ ನೋಡಿ ಆ ನೀರು ಬಿಡುವ ವಾಲ್ವ್) ಜೊತೆಗೇ ಬದಲಾಯಿಸುತ್ತಿದ್ದೆ. ನೀವು ಬಗ್ಗಿ ನೋಡಿ ಕೇಳಿದ ಮೊದಲ ಮಾತೇ "ಬೋಲ್ಟ್ ಹೊಸದು ತಂದಿದ್ದೀರಿ ತಾನೇ?" ಈ ಕಾರಿಗೆ ಕೈ ಹಾಕಿದವರು ಅಂತ ಆಗಲೇ ಗೊತ್ತಾಯಿತು. ಎಂಜಿನ್ ಬ್ಲಾಕಿನಲ್ಲಿ ಮೆಗ್ನೀಸಿಯಂ ಇದೆ, ಅದಕ್ಕೇ ಬೋಲ್ಟ್ ಅಲ್ಯೂಮಿನಿಯಂದು. ಸ್ಟೀಲ್ ಬೋಲ್ಟ್ ಹಾಕಿದರೆ ಅದು ಮೆಗ್ನೀಸಿಯಂ ಅನ್ನೇ ತಿಂದುಹಾಕುತ್ತದೆ. ಒಮ್ಮೆ ಬಿಗಿದದ್ದನ್ನು ಮತ್ತೆ ಬಳಸುವ ಹಾಗೂ ಇಲ್ಲ. ಹಠ ಹಿಡಿದ ಒಂದು ಬೋಲ್ಟಿಗೆ ನಿಮ್ಮ ಡಿಕ್ಕಿಯಿಂದ ಇ-ಟಾರ್ಕ್ಸ್ ಸಾಕೆಟ್ (ನಕ್ಷತ್ರದಾಕಾರದ ಬೋಲ್ಟ್ ತಲೆಗೆ ಕೂರುವಂಥದ್ದು) ಬಂತು. ನೆಂಟರ ಮನೆಗೂ ಸಾಕೆಟ್ ಸೆಟ್ ಹೊತ್ತು ಬರುವವರು ಇದ್ದಾರೆ, ಅಲ್ವಾ!

ಕೊನೆಗೆ ಕೂಲಂಟ್‌ನಲ್ಲಿ ಸಿಕ್ಕಿಕೊಂಡ ಏರ್ ತೆಗೆಯುವ ಕೆಲಸ ನನಗೆ ಜಾಸ್ತಿ ಇಷ್ಟವಾಯಿತು. ಎಂಜಿನ್ ಸ್ಟಾರ್ಟ್ ಮಾಡುವಂತಿಲ್ಲ. ಇಗ್ನಿಷನ್ ಆನ್, ಹೀಟರ್ ಫುಲ್, ಫ್ಯಾನ್ ಕಡಿಮೆ, ಆಕ್ಸಿಲರೇಟರ್ 10 ಸೆಕೆಂಡ್ ಒತ್ತಿ ಹಿಡಿಯಬೇಕು. ಆಮೇಲೆ ಪಂಪ್ ತಾನೇ ಸುಮಾರು 12 ನಿಮಿಷ ಗುಂಯ್ ಅಂತ ಓಡುತ್ತದೆ. ಬ್ಯಾಟರಿ ಇಳಿಯದಿರಲಿ ಅಂತ ಚಾರ್ಜರ್ ಹಾಕಿಸಿದ್ದೂ ನೀವೇ.

ನಿಮ್ಮ ಸಾಕೆಟ್ ನನ್ನ ಹತ್ತಿರವೇ ಉಳಿದುಬಿಟ್ಟಿತ್ತು ಸರ್. ವಾಚ್‌ಮನ್ ಕೈಗೆ ಕೊಟ್ಟಿಟ್ಟಿದ್ದೇನೆ. ತಗೊಳ್ಳೋಕೆ ಬಂದಾಗ ಕಾಫಿಗೆ ಮನೆಗೂ ಬನ್ನಿ.